ದುಗ್ಗಣ್ಣ ಸಾರಂಗನ ಬಲಗೈ

ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಬರುವ ಮೊದಲ ಹುಣ್ಣಿಮೆಯ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಬಾಗಿಲು ಹಾಕಿಕೊಂಡು ಒಳಗೆ ಕೂರುವುದಿಲ್ಲ. ಕಡಲಿನಲ್ಲಿ ಸತ್ತವರು ಅಂದು ದಡಕ್ಕೆ ಬರುತ್ತಾರೆ. ನೀರು ಇಳಿದಾಗ ಬಂದು, ಮತ್ತೆ ಏರುವವರೆಗೆ ಮನೆಯವರೊಡನೆ ಇದ್ದು, ಹೊರಟುಹೋಗುತ್ತಾರೆ. ಊರಿನ ಮುದ್ರಣಾಲಯದ ಪುಸ್ತಕದಲ್ಲಿ ಅವರ ಚಿತ್ರ ಕಡೆಯ ಸಲ ಹೇಗೆ ಅಚ್ಚಾಗಿತ್ತೋ ಅದೇ ರೂಪದಲ್ಲಿ ಬರುತ್ತಾರೆ. ಅಚ್ಚಾಗದವರು ಬರುವುದೇ ಇಲ್ಲ.

ಹೀಗಿರುವುದರಿಂದ ಇಲ್ಲಿ ಮರದ ಅಚ್ಚು ಕೆತ್ತುವವರಿಗೆ ಕೆಲಸವಿಲ್ಲವೆಂಬ ಮಾತಿಲ್ಲ. ನಾನೂ ಆ ಕಸುಬಿನವಳು, ಹೆಸರು ಸುಗಂಧಿ. ಮಳೆಗಾಲವಿಡೀ ಶರಧಿ ಮುದ್ರಣಾಲಯದ ಕಿಟಕಿಯ ಬಳಿ ಕೂತು ಆ ವರ್ಷದ ನೆನಪಿನ ಪುಸ್ತಕಕ್ಕೆ ಚಿತ್ರಗಳನ್ನು ಕೆತ್ತುತ್ತೇನೆ. ಮನೆಗೊಂದು ಪುಟ, ಪುಟಕ್ಕೊಂದು ಚಿತ್ರ. ಜನ ಬಂದು ತಮಗೆ ಬೇಕಾದುದನ್ನು ಹೇಳುತ್ತಾರೆ. ಪ್ರತಿಸಲವೂ ತೊಯ್ದು ಬರುವ ಮಗನಿಗಾಗಿ ಒಬ್ಬ ತಾಯಿ ಕೊಡೆಯನ್ನು ಕೆತ್ತಿಸಿದಳು. ಅವನು ಕೊಡೆ ಹಿಡಿದೇ ಬಂದ, ಹಿಡಿದ ಕೊಡೆಯನ್ನು ಮಡಚಲಾಗದೆ ಬಾಗಿಲಿನಲ್ಲಿಯೇ ಸಿಕ್ಕಿಕೊಂಡ. ಹಗ್ಗದ ಅಂಗಡಿಯ ಕಮಲಾಬಾಯಿ ತನ್ನ ಗಂಡನ ಬಾಯಿಯನ್ನು ಬಿಗಿಯಾಗಿ ಮುಚ್ಚಿದಂತೆ ಕೆತ್ತಬೇಕೆಂದು ನನ್ನ ಗುರುಗಳಲ್ಲಿ ಕೇಳಿಕೊಂಡಿದ್ದಳಂತೆ. ಅಂದಿನಿಂದ ಆ ಮನುಷ್ಯ ವರ್ಷಕ್ಕೊಮ್ಮೆ ಬಂದು ಜಗಲಿಯಲ್ಲಿ ಮಾತಿಲ್ಲದೆ ಕೂತು ಹೋಗುತ್ತಾನೆ. ಅವರ ಸಂಸಾರ ಈಗ ಸುಖವಾಗಿದೆ ಎನ್ನುತ್ತಾರೆ ನೆರೆಯವರು. ಫೋಟೋ ಹಾಕಿಸಿ ನೋಡಿದವರೂ ಇದ್ದಾರೆ. ಫೋಟೋಗೆ ಯಾರೂ ಬರಲಿಲ್ಲ.

ಆದರೆ ಪರವೂರಿನವರು ಬಸ್ಸು ತುಂಬಿಕೊಂಡು ಬರುವುದು ನಮ್ಮ ಮೀನುಗಾರರನ್ನು ನೋಡಲಿಕ್ಕಲ್ಲ. ಅವರಿಗೆ ಬೇಕಾದವರು ಕಡಲ್ಗಳ್ಳರು. ದುಗ್ಗಣ್ಣ ಸಾರಂಗ ಮತ್ತು ಅವನ ದೋಣಿಯ ಜನ. ಸಾರಂಗನೆಂದರೆ ಹಡಗು ನಡೆಸುವ ಯಜಮಾನ. ದುಗ್ಗಣ್ಣ ಕೆಂಪು ಮಕಮಲ್ಲಿನ ಉದ್ದ ಕೋಟು, ಸೊಂಟಕ್ಕೆ ಜರಿಯ ಪಟ್ಟಿ, ಕಿವಿಗೆ ಬಳೆಯಷ್ಟು ಅಗಲದ ಒಂಟಿ, ಬಲಗೈ ಇರಬೇಕಾದ ಜಾಗದಲ್ಲಿ ಒಂದು ಕಬ್ಬಿಣದ ಕೊಕ್ಕೆ, ಇಷ್ಟನ್ನು ಹೊತ್ತು ಬೆವರುತ್ತ ನೀರಿನಿಂದ ಎದ್ದು ಬರುತ್ತಾನೆ. ಹಿಂದೆ ಒಬ್ಬನಿಗೆ ಕಣ್ಣಿಗೆ ಕಪ್ಪು ಪಟ್ಟಿ. ಇನ್ನೊಬ್ಬನಿಗೆ ಮರದ ಕಾಲು, ಅದು ಹಸಿ ಮರಳಿನಲ್ಲಿ ಹೂತುಹೋಗಿ ಅವನನ್ನು ಪ್ರತಿವರ್ಷವೂ ಒಂದೇ ಜಾಗದಲ್ಲಿ ಕೆಡವುತ್ತದೆ. ಪರವೂರಿನ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ದಡದ ಅಂಗಡಿಗಳಲ್ಲಿ ರಟ್ಟಿನ ಕೊಕ್ಕೆ, ಬಟ್ಟೆಯ ಕಣ್ಣುಪಟ್ಟಿ ಎರಡೂ ಬಿಸಿ ಬೋಂಡದಂತೆ ಖರ್ಚಾಗುತ್ತವೆ.

ಆ ದುಗ್ಗಣ್ಣ ನನ್ನ ಅಜ್ಜಿಯ ತಂದೆ.

ಅವನ ಹೆಸರು ಹೇಳಿ ನಮ್ಮ ಮನೆಯಲ್ಲಿ ಯಾರೂ ಎದೆಯುಬ್ಬಿಸಿದ್ದಿಲ್ಲ. ಆಗ ಬಂದರನ್ನು ಆಳುತ್ತಿದ್ದ ನಾಯಕ, ತನ್ನ ರಹದಾರಿ ಚೀಟಿಯಿಲ್ಲದೆ ಹಾದುಹೋಗುವ ಹಡಗುಗಳನ್ನು ಹಿಡಿದು ತರಲು ಸಾರಂಗರನ್ನು ಇಟ್ಟುಕೊಂಡಿದ್ದ. ಅದು ನಡೆಯುತ್ತಿದ್ದಷ್ಟು ಕಾಲ ಅವರು ಬಂದರಿನ ಕಾವಲಿನವರು. ದೊಡ್ಡ ಹಡಗುಗಳ ಪರದೇಶದ ವರ್ತಕರೊಡನೆ ನಾಯಕ ರಾಜಿ ಮಾಡಿಕೊಂಡ ದಿನ ಅದೇ ಜನ ಕಡಲ್ಗಳ್ಳರಾದರು. ಅವರು ತಂದದ್ದು ಚಿನ್ನದ ಪೆಟ್ಟಿಗೆಗಳನ್ನಲ್ಲ. ಅಕ್ಕಿ, ಮೆಣಸು, ಹಗ್ಗ, ಹಾಯಿಬಟ್ಟೆ. ಹಾಗೆಂದು ಅವರ ಕೈ ಶುದ್ಧವಾಗಿತ್ತೆಂದೂ ಹೇಳಲಾರೆ. ಎದುರು ನಿಂತವರನ್ನು ದುಗ್ಗಣ್ಣ ನೀರಿಗೆ ನೂಕಿದ್ದುಂಟು, ಅವರಲ್ಲಿ ಈಜು ಬರದವರೂ ಇದ್ದರು. ಕಡೆಗೆ ಅವನನ್ನೂ ಅವನ ಜನರನ್ನೂ ಹಡಗಿನ ಅಡ್ಡಮರಕ್ಕೆ ನೇತುಹಾಕಿ ಹೆಣಗಳನ್ನು ಕಡಲಿಗೆಸೆದರು. ಯಾರೂ ಅವರ ಚಿತ್ರ ಬರೆಯಲಿಲ್ಲ. ಆದ್ದರಿಂದ ಅವರು ಬಹುಕಾಲ ಬರಲೇ ಇಲ್ಲ.

ಅವನು ಸಿಕ್ಕಿಬಿದ್ದದ್ದು ಮಗಳ ನಾಮಕರಣದ ದಿನ. ಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಬಗ್ಗಿ, ಅದರ ಕಿವಿಯಲ್ಲಿ ಹೆಸರು ಹೇಳಿದ. ತುಟಿ ಅಲುಗಿದ್ದನ್ನು ಹೆಂಡತಿ ಕಂಡಳು, ಹೆಸರು ಅವಳಿಗೆ ಕೇಳಿಸಲಿಲ್ಲ. ಎಲ್ಲರಿಗೂ ಕೇಳುವಂತೆ ಅವನು ಇನ್ನೊಮ್ಮೆ ಹೇಳಬೇಕಿತ್ತು. ಅಷ್ಟರಲ್ಲಿ ಸಿಪಾಯಿಗಳ ದೋಣಿಗಳು ದಡ ಮುಟ್ಟಿದವು. ಅವನು ಕೂಸನ್ನು ತೊಟ್ಟಿಲಿಗೆ ಹಾಕಿ ಹಿತ್ತಿಲ ಗೋಡೆ ಹಾರಿದ. ಮುಂದೆ ಬಂಧುಗಳು ಬೇರೊಂದು ಹೆಸರಿಡೋಣವೆಂದಾಗ ನನ್ನ ಮುತ್ತಜ್ಜಿ ಒಪ್ಪಲಿಲ್ಲವಂತೆ. ಹೆಸರು ಇಟ್ಟಾಗಿದೆ, ಅದು ನಮಗೆ ಗೊತ್ತಿಲ್ಲವೆಂದರೆ ತಪ್ಪು ನಮ್ಮ ಕಿವಿಯದು ಎಂದಳಂತೆ. ಹಾಗೆ ಕೂಸು ಕೂಸಾಗಿಯೇ ಉಳಿಯಿತು. ಮದುವೆಯಾಯಿತು, ಮಕ್ಕಳಾದವು, ಹಲ್ಲು ಉದುರಿದವು. ಊರಿಗೆ ಅವಳು ಇಂದಿಗೂ ಕೂಸಮ್ಮ.

ಕೂಸಮ್ಮನ ಮಡಿಲಿನಲ್ಲಿ ನನ್ನ ತಾಯಿ ಇದ್ದ ಕಾಲಕ್ಕೆ ನಮ್ಮ ಮುದ್ರಣಾಲಯದವರು ಕಡಲ್ಗಳ್ಳರ ಕತೆಗಳ ಒಂದು ದಪ್ಪ ಪುಸ್ತಕವನ್ನು ಹೊರತಂದರು. ಚಿತ್ರ ಕೆತ್ತಿದವನು ಬಾಳಪ್ಪ ಮೇಸ್ತ. ಅವನು ಕಡಲ್ಗಳ್ಳರನ್ನು ಕಂಡವನಲ್ಲ. ಊರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಪೆಟ್ಟಿಗೆ ತೆಗೆಸಿ, ಅದರಲ್ಲಿದ್ದ ಮಕಮಲ್ಲಿನ ಕೋಟು, ಜರಿಪಟ್ಟಿ, ಒಂಟಿಗಳನ್ನು ಕಂಪನಿಯ ಖಳನಟನಿಗೆ ತೊಡಿಸಿ ಎದುರು ನಿಲ್ಲಿಸಿಕೊಂಡ. ದುಗ್ಗಣ್ಣನಿಗೆ ಮುಖ ಸಿಕ್ಕಿದ್ದು ಆ ನಟನಿಂದ. ಇನ್ನು ಕೊಕ್ಕೆಯ ವಿಚಾರ. ಬಾಳಪ್ಪ ತನ್ನ ಶಿಷ್ಯನಿಗೆ, ಆ ಶಿಷ್ಯ ನನ್ನ ಗುರುಗಳಿಗೆ, ಅವರು ನನಗೆ ನಗುತ್ತ ಹೇಳಿದ್ದಿಷ್ಟು: ಮರದ ತುಂಡಿನಲ್ಲಿ ಬಲಗೈಯ ಜಾಗಕ್ಕೆ ಸರಿಯಾಗಿ ಒಂದು ಗಂಟು ಇತ್ತು. ಗಂಟಿನ ಮೇಲೆ ಬೆರಳುಗಳು ಏಳುವುದಿಲ್ಲ. ನಮ್ಮ ಕಸುಬಿನಲ್ಲಿ ಬೆರಳಿನಷ್ಟು ಕಠಿಣವಾದುದು ಬೇರಿಲ್ಲ. ಸಂಜೆಯೊಳಗೆ ಅಚ್ಚು ಒಪ್ಪಿಸಬೇಕಿತ್ತು. ಬಾಳಪ್ಪ ಬೆರಳುಗಳ ಬದಲು ಒಂದು ಕೊಕ್ಕೆ ಎಳೆದು ಕೈ ತೊಳೆದುಕೊಂಡ. ಎರಡನೆಯವನ ಕಣ್ಣಿನಲ್ಲಿ ಉಳಿ ಜಾರಿತು, ಅದಕ್ಕೆ ಪಟ್ಟಿ. ಮೂರನೆಯವನ ಕಾಲಿನ ಬಳಿ ಹುಳ ಕೊರೆದಿತ್ತು, ಅದಕ್ಕೆ ಮರದ ಕೋಲು. ಆಮೇಲೆ ಕಡಲ್ಗಳ್ಳರನ್ನು ಬರೆದವರೆಲ್ಲ ಬಾಳಪ್ಪನ ಪುಟಗಳನ್ನು ನೋಡಿಯೇ ಬರೆದರು.

ಪುಸ್ತಕ ಹೊರಬಂದ ವರ್ಷದ ಹುಣ್ಣಿಮೆಗೆ ಅವರು ಬಂದರು. ಸುದ್ದಿ ಕೇಳಿದ ಅಜ್ಜಿ ಮಗುವನ್ನು ಎತ್ತಿಕೊಂಡು ದಡಕ್ಕೆ ಓಡಿದಳು. ಮಕಮಲ್ಲಿನ ಕೋಟಿನ ಮನುಷ್ಯ ಗುಂಪಿನಲ್ಲಿ ಅವಳನ್ನು ಹೇಗೋ ಗುರುತಿಸಿ ನೇರವಾಗಿ ಅವಳ ಕಡೆ ನಡೆದ, ಬಾಯಿ ತೆರೆದ, ಅಬ್ಬರಿಸಿದ. ಬಾಳಪ್ಪ ಅವನನ್ನು ಅಬ್ಬರಿಸುತ್ತಿರುವಂತೆ ಕೆತ್ತಿದ್ದ. ಅವನಿಂದ ಬೇರೆ ದನಿ ಹೊರಡುವಂತಿರಲಿಲ್ಲ. ಮಗು ಕಿರುಚಿಕೊಂಡಿತು. ದುಗ್ಗಣ್ಣ ಕೊಕ್ಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಮತ್ತೆ ಪ್ರಯತ್ನಿಸಿ, ಮತ್ತೆ ಅಬ್ಬರಿಸಿದ. ನೀರು ಏರುವವರೆಗೂ ಅದೇ ನಡೆಯಿತು. ಅಂದಿನಿಂದ ಪ್ರತಿ ವರ್ಷವೂ ನಡೆದಿದೆ.

ಆ ಅನಾಹುತದ ಮೇಲೆಯೇ ಊರು ಒಂದು ಕಟ್ಟಳೆ ಮಾಡಿತು. ಮುಖವಿರುವ ಯಾವ ಚಿತ್ರಕ್ಕೂ ಸಾಕ್ಷಿ ಬೇಕು. ಆ ಮುಖವನ್ನು ಕಣ್ಣಾರೆ ಕಂಡವರೊಬ್ಬರು ಮುದ್ರಣಾಲಯಕ್ಕೆ ಬಂದು ಕರಡು ನೋಡಿ, ಹೌದು ಇವರೇ ಎಂದು ಹೇಳಬೇಕು. ಹೇಳಿದವರ ಹೆಸರು ಚಿತ್ರದ ಕೆಳಗೆ ಅಚ್ಚಾಗುತ್ತದೆ. ಒಳ್ಳೆಯ ಕಟ್ಟಳೆ. ಆದರೆ ದುಗ್ಗಣ್ಣನನ್ನು ಕೊಕ್ಕೆಗೆ ಕಟ್ಟಿಹಾಕಿದ್ದೂ ಅದೇ. ನನ್ನ ಮುತ್ತಜ್ಜಿ ಆಗಲೇ ತೀರಿಹೋಗಿದ್ದಳು. ಅವನನ್ನು ಬಲ್ಲ ಮುದುಕರು, ಗಲ್ಲಿಗೇರಿದವನ ಗುರುತು ತಮಗಿದೆ ಎಂದು ಒಪ್ಪಲು ಹೆದರಿ, ನೋಡಿಯೇ ಇಲ್ಲವೆಂದುಬಿಟ್ಟರು. ಅವರೂ ಹೋದರು.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. ಉಸಿರು ಎದೆಯಲ್ಲಿಯೇ ನಿಂತುಬಿಡುತ್ತಿತ್ತು. ಮುಂದಿನ ಮಳೆಗಾಲದ ಮಾತು ಆಡಬೇಡಿ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದಾಗ ಅಜ್ಜಿ, ವೈದ್ಯರು ಏನಂದರು ಎಂದು ಕೇಳಲೇ ಇಲ್ಲ.

“ಮಗಾ, ಈ ಸಲ ಅಪ್ಪನ ಅಚ್ಚು ನೀನು ಕೆತ್ತು” ಎಂದಳು. “ಹೆಸರು ಕೇಳಿಕೊಂಡೇ ಹೋಗುತ್ತೇನೆ.”

ಸಾಕ್ಷಿಯಿಲ್ಲವೆಂದೆ. ಕಡಲ್ಗಳ್ಳನಾಗಿದ್ದವನನ್ನು ಸಾಧುವಿನಂತೆ ಕೆತ್ತಿದರೆ ಊರು ನಗುತ್ತದೆ ಎಂದೂ ಅಂದೆ.

“ಅಪ್ಪ ಒಳ್ಳೆಯವನು ಅಂತ ಕೆತ್ತು ಅಂದೆನಾ? ಕೈ ಕೊಡು ಅಂದೆ. ಆ ಬಾಯಿ ಸ್ವಲ್ಪ ಮುಚ್ಚು ಅಂದೆ. ಅಷ್ಟಕ್ಕೆ ನಿನ್ನ ಉಳಿ ಸವೆಯುತ್ತದಾ?”

ಮರುದಿನವೇ ಮುದ್ರಣಾಲಯದ ಯಜಮಾನರಾದ ವಾಮನರಾಯರ ಮುಂದೆ ನಿಂತೆ. ರಾಯರು ಕೆಟ್ಟವರಲ್ಲ. ಅಜ್ಜಿಗೆ ಹಾಲು ಹಣ್ಣು ಕಳಿಸಿದವರು. ಆದರೆ ಮುಖವಿದ್ದರೆ ಸಾಕ್ಷಿ, ಸಾಕ್ಷಿಯಿಲ್ಲದಿದ್ದರೆ ಪುಟವಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಒಮ್ಮೆ ತಪ್ಪಾಗಿದ್ದಕ್ಕೆ ಒಂದು ಊರಿನ ಕಳ್ಳರು ನಾಟಕದವರಾದರು, ಇನ್ನೊಮ್ಮೆ ತಪ್ಪಿದರೆ ಏನಾಗುತ್ತಾರೋ ಎಂದರು. ಅದು ನ್ಯಾಯವಾದ ಮಾತು. ಆಮೇಲೆ ಕನ್ನಡಕ ತೆಗೆದು, ದನಿ ತಗ್ಗಿಸಿ, ತಮ್ಮ ಮನಸ್ಸಿನಲ್ಲಿದ್ದ ಇನ್ನೊಂದು ಮಾತನ್ನೂ ಆಡಿದರು.

“ನೋಡು ಸುಗಂಧಿ, ಆ ಕೊಕ್ಕೆಯಿಂದ ಈ ಊರಿನ ಅರ್ಧ ಒಲೆಗಳು ಉರಿಯುತ್ತವೆ. ಅಷ್ಟಕ್ಕೂ ಜನರನ್ನು ಕಡಲಿಗೆ ನೂಕಿದ ಕೈಯದು. ಅದಿಲ್ಲದಿದ್ದರೆ ಯಾರಿಗೆ ನಷ್ಟ?”

“ನೂಕಿದ ಕೈಯೇ ಕೂಸನ್ನೂ ಎತ್ತಿತ್ತು, ರಾಯರೇ. ಅಜ್ಜಿ ಕೇಳುತ್ತಿರುವುದು ಅದನ್ನು.”

ಅವರು ಕನ್ನಡಕ ಮತ್ತೆ ಏರಿಸಿಕೊಂಡರು. ನಾನು ಕೆಲಸದ ಕಿಟಕಿಗೆ ಹಿಂತಿರುಗದೆ ಅಲ್ಲಿಂದ ನೇರವಾಗಿ ಕೋಟೆಯ ಹಿಂಬದಿಗೆ ಹೋದೆ. ಅಲ್ಲಿ ಪಾಚಿ ಕಟ್ಟಿದ ಒಂದು ವೀರಗಲ್ಲಿದೆ. ದೋಣಿ ಕಾಳಗದಲ್ಲಿ ಸತ್ತವರಿಗಾಗಿ ಯಾವುದೋ ಕಾಲದಲ್ಲಿ ನಿಲ್ಲಿಸಿದ್ದು. ಸೊಪ್ಪಿನಿಂದ ಪಾಚಿ ಉಜ್ಜಿ ತೆಗೆದಾಗ ಹುಟ್ಟು ಹಾಕುತ್ತಿರುವ ಗಂಡಸರು ಕಂಡರು. ಬರಿಮೈ, ತೊಡೆಯ ಮೇಲಕ್ಕೆ ಕಟ್ಟಿದ ತುಂಡುಬಟ್ಟೆ, ಕತ್ತಿನ ಹಿಂದೆ ಗಂಟು ಹಾಕಿದ ಕೂದಲು, ಸೊಂಟದಲ್ಲಿ ಹಗ್ಗ ಕತ್ತರಿಸುವ ಚೂರಿ. ಹುಟ್ಟಿನ ಸುತ್ತ ಬಿಗಿದ ಬೆರಳುಗಳನ್ನು ಆ ಶಿಲ್ಪಿ ಒಂದೊಂದಾಗಿ ಬಿಡಿಸಿದ್ದ. ಕಲ್ಲಿನಲ್ಲಿ ಅವನಿಗೆ ಸಾಧ್ಯವಾದದ್ದು ಮರದಲ್ಲಿ ನನಗೇಕೆ ಆಗಬಾರದು ಎಂದುಕೊಂಡೆ. ಬಟ್ಟೆ ಸಿಕ್ಕಿತು, ಮೈ ಸಿಕ್ಕಿತು, ಕೈಯೂ ಸಿಕ್ಕಿತು. ಮುಖ ಮಾತ್ರ ಸಿಗಲಿಲ್ಲ. ಕಲ್ಲಿನ ಮೇಲಿದ್ದವರ ಮುಖಗಳನ್ನು ಉಪ್ಪುಗಾಳಿ ತಿಂದುಹಾಕಿತ್ತು.

ದಿನಗಳು ಸರಿದವು. ಎಷ್ಟೋ ಮುಖಗಳನ್ನು ಕಾಗದದ ಮೇಲೆ ಬರೆದು ಅಜ್ಜಿಗೆ ತೋರಿಸಿದೆ. ಅವಳು ಪ್ರತಿಯೊಂದನ್ನೂ ನೋಡಿ, ತನಗೆ ಹೇಗೆ ಗೊತ್ತಾಗಬೇಕೆಂದು ನನ್ನನ್ನೇ ಕೇಳಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ, ನಾಮಕರಣದ ದಿನ ದುಗ್ಗಣ್ಣ ಹೇಗೆ ನಿಂತಿದ್ದನಂತೆ ಎಂದು ವಿಚಾರಿಸಿದೆ. ತನ್ನ ತಾಯಿ ಹೇಳಿದ್ದನ್ನು ಅವಳು ಹೇಳಿದಳು. ತಾಯಿ ಕೂತದ್ದು ಅವನ ಹಿಂಬದಿಗೆ, ಬಾಗಿಲ ಬಳಿ. ಅವಳಿಗೆ ಕಂಡದ್ದು ಅವನ ಬೆನ್ನು, ಬಗ್ಗಿದ ಕತ್ತು, ಕೂಸಿನ ತಲೆಯ ಕೆಳಗೆ ಆನಿಸಿದ ಬಲಗೈ, ಓರೆಯಾಗಿ ಅಲುಗಿದ ತುಟಿಯ ತುದಿ.

ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟು ನಾನು ಎದ್ದು ನಿಂತೆ. ಮುಖವಿರುವ ಚಿತ್ರಕ್ಕೆ ಸಾಕ್ಷಿ ಬೇಕು. ಮುಖವೇ ಇಲ್ಲದ ಚಿತ್ರಕ್ಕೆ?

ಕೆತ್ತುವುದಕ್ಕೆ ಮೊದಲೇ ಕಾಗದದ ಮೇಲಿನ ಚಿತ್ರವನ್ನು ವಾಮನರಾಯರ ಮೇಜಿನ ಮೇಲೆ ಹರಡಿದೆ. ಬಗ್ಗಿ ನಿಂತ ಬರಿಬೆನ್ನಿನ ಗಂಡಸು. ಮಡಿಸಿದ ತೋಳುಗಳ ನಡುವೆ ಏನೂ ಇಲ್ಲ. ಬದುಕಿರುವವರನ್ನು ಸತ್ತವರೊಡನೆ ಒಂದೇ ಪುಟದಲ್ಲಿ ಅಚ್ಚು ಹಾಕುವ ಎದೆಗಾರಿಕೆ ನಮ್ಮೂರಿನಲ್ಲಿ ಯಾರಿಗೂ ಇಲ್ಲ, ನನಗೂ ಇರಲಿಲ್ಲ. ಕೂಸಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ರಾಯರು ಅದನ್ನು ಬಹಳ ಹೊತ್ತು ನೋಡಿದರು. ಕಟ್ಟಳೆ ಮುರಿದಿರಲಿಲ್ಲ, ಅದು ಅವರಿಗೆ ತಿಳಿಯಿತು. ಆದರೆ ಅವರು ಇನ್ನೊಂದು ಪ್ರಶ್ನೆ ಎತ್ತಿದರು.

“ಇಲ್ಲಿಯವರೆಗೆ ಯಾರನ್ನೂ ಹಿಂದಿನಿಂದ ಕೆತ್ತಿಲ್ಲ. ಬೆನ್ನು ಕೆತ್ತಿದರೆ ಬೆನ್ನೇ ಬರುತ್ತದೆ. ಅವನ ಸುತ್ತ ಸುತ್ತಿದರೂ ನಿಮ್ಮಜ್ಜಿಗೆ ಬೆನ್ನೇ ಸಿಕ್ಕಿದರೆ? ಈಗ ಅಬ್ಬರವನ್ನಾದರೂ ಕೇಳುತ್ತಾರೆ. ಆಮೇಲೆ ಅದೂ ಇಲ್ಲ. ಮರಳಿ ಹಳೆಯ ಚಿತ್ರ ಹಾಕೋಣವೆಂದರೆ ಇನ್ನೊಂದು ಹುಣ್ಣಿಮೆ ಅವರಿಗಿದೆಯೇ?”

ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ ಅಜ್ಜಿಗೆ ಒಪ್ಪಿಸಿದೆ. ಅದು ಅವಳೇ ತೀರ್ಮಾನಿಸಬೇಕಾದ ವಿಷಯ. ಅಜ್ಜಿ ಉಸಿರು ಕೂಡಿಸಿಕೊಂಡು, ಅಬ್ಬರವನ್ನು ಜೀವಮಾನವೆಲ್ಲ ಕೇಳಿದ್ದೇನೆ, ಅದರಲ್ಲಿ ಕಳೆದುಕೊಳ್ಳುವುದಕ್ಕೆ ಏನಿದೆ ಎಂದಳು. ಕೆತ್ತು ಎಂದಳು.

ಕೆತ್ತಿದೆ. ಅಚ್ಚಿನಲ್ಲಿ ಬಲ ಎಡವಾಗುವುದರಿಂದ ಅವನ ಬಲಗೈಯನ್ನು ಎಡಕ್ಕೆ ಕೂರಿಸಿದೆ. ಬೆನ್ನು ಎರಡು ದಿನಗಳಲ್ಲಿ ಮುಗಿಯಿತು, ಕೂದಲಿನ ಗಂಟು ಒಂದೇ ಬೆಳಿಗ್ಗೆಗೆ ಮುಗಿಯಿತು. ಕೈಗೆ ಬಂದಾಗ ಕೆಲಸ ಆಮೆಯ ನಡೆಯಾಯಿತು. ಹೆಬ್ಬೆರಳು ಎದ್ದಿತು. ತೋರುಬೆರಳು, ನಡುಬೆರಳು ಎದ್ದವು. ಪುಸ್ತಕ ಯಂತ್ರಕ್ಕೆ ಹೋಗಬೇಕಾದ ಹಿಂದಿನ ದಿನ ಉಂಗುರದ ಬೆರಳಿನ ಗಿಣ್ಣಿನ ಬಳಿ ಉಳಿಯ ಮೊನೆ ಚಟ್ಟೆಂದು ಸಿಡಿಯಿತು. ಮರ ಸೀಳಿತು. ಸೀಳು ಎರಡು ಬೆರಳುಗಳನ್ನು ನುಂಗಿ ಅಂಗೈಯವರೆಗೆ ಓಡಿತು.

ಬಾಳಪ್ಪ ಮೇಸ್ತನ ಮೇಲೆ ಆವರೆಗೆ ನನಗಿದ್ದ ಸಿಟ್ಟು ಆ ಕ್ಷಣದಲ್ಲಿ ಇಳಿಯಿತು. ಒಂದು ಗೀರು ಎಳೆದರೆ ಮುಗಿಯುತ್ತಿತ್ತು. ಕೈಯನ್ನು ಮುಷ್ಟಿ ಮಾಡಬಹುದು, ಬಟ್ಟೆಯ ಮಡಿಕೆಯಲ್ಲಿ ಮುಚ್ಚಬಹುದು, ಮೊಟಕಾಗಿಸಬಹುದು; ನೋಡುವವರಿಗೆ ಅದು ಜಾಣತನವಾಗಿಯೇ ಕಾಣುತ್ತದೆ. ಬಟ್ಟೆಯ ಮಡಿಕೆಯನ್ನು ಎಳೆಯಲು ಉಳಿಯನ್ನು ಇಟ್ಟೂ ಬಿಟ್ಟಿದ್ದೆ. ತೆಗೆದೆ. ಕೆಟ್ಟುಹೋದ ಜಾಗವನ್ನು ದುಂಡಗೆ ಕೊರೆದು ತೆಗೆದೆ. ಅದೇ ಜಾತಿಯ ಮರದ ಬೆಣೆಯೊಂದನ್ನು ಆ ತೂತಿನ ಅಳತೆಗೆ ಕಡೆದು, ಅಂಟು ಹಚ್ಚಿ, ಬಡಿದು ಕೂರಿಸಿ, ಮೇಲ್ಮೈಯನ್ನು ಉಜ್ಜಿ ಸಮಮಾಡಿದೆ. ಆ ಹೊಸ ಮರದ ಮೇಲೆ ಎರಡು ಬೆರಳುಗಳನ್ನು ಮೊದಲಿನಿಂದ ಕೆತ್ತತೊಡಗಿದೆ. ಯಂತ್ರದವರು ಬಾಗಿಲಿಗೆ ಬಂದು ಹೋದರು, ಮತ್ತೆ ಬಂದು ಹೋದರು. ಕಡೆಗೆ ವಾಮನರಾಯರೇ ಬಂದು, ಸುಗಂಧಿಯ ಪುಟವನ್ನು ಕಡೆಯಲ್ಲಿ ಹಾಕಿ ಎಂದು ಯಂತ್ರದವರಿಗೆ ಹೇಳಿ ಹೊರಟುಹೋದರು.

ಅಚ್ಚು ಬಿತ್ತು. ಬೆಣೆ ಕೂದಲೆಳೆಯಷ್ಟು ಉಬ್ಬಿ, ಆ ಎರಡು ಬೆರಳುಗಳ ಬುಡದಲ್ಲಿ ಮಸಿ ಸ್ವಲ್ಪ ದಪ್ಪವಾಗಿ ಹತ್ತಿತ್ತು. ತಿದ್ದುವ ಕಾಲ ಮೀರಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅಜ್ಜಿಯನ್ನು ಮಂಚದ ಸಮೇತ ದಡಕ್ಕೆ ಹೊತ್ತುಕೊಂಡು ಬಂದೆವು. ನೀರು ಇಳಿಯಿತು. ಮೀನುಗಾರರು ಬಂದರು, ಕೊಡೆಯವನು ಬಂದ, ಕಮಲಾಬಾಯಿಯ ಗಂಡ ಬಾಯಿ ಬಿಗಿದುಕೊಂಡು ಬಂದ. ಕಣ್ಣುಪಟ್ಟಿಯವನು ಕಂಡಾಗ ಪರವೂರಿನವರು ಕೇಕೆ ಹಾಕಿದರು. ಮರದ ಕಾಲಿನವನು ಎಂದಿನ ಜಾಗದಲ್ಲಿ ಬಿದ್ದ. ಅವರ ಮುಂದೆ ಯಾವಾಗಲೂ ಇರುತ್ತಿದ್ದ ಕೆಂಪು ಕೋಟು ಕಾಣಲಿಲ್ಲ. ಗುಂಪಿನಲ್ಲಿ ಗೊಣಗಾಟ ಎದ್ದಿತು. ಬೆನ್ನನ್ನಷ್ಟೇ ಕೊಟ್ಟವಳಿಗೆ ಅವನು ಬೆನ್ನು ತಿರುಗಿಸಿ ಹೋಗಿಯೇಬಿಟ್ಟನೇನೋ ಎನಿಸಿತು.

ಆಮೇಲೆ ಅಲೆಗಳ ನಡುವೆ ಒಂದು ಬೆನ್ನು ಕಂಡಿತು. ಬಿಸಿಲಿಗೆ ಕಪ್ಪಾದ, ಉಪ್ಪಿನ ಗೆರೆಗಳೆದ್ದ ಬರಿಬೆನ್ನು. ಅವನು ನಮ್ಮ ಕಡೆಗೇ ನಡೆದು ಬರುತ್ತಿದ್ದ. ಆದರೂ ಕಾಣುತ್ತಿದ್ದದ್ದು ಬೆನ್ನೇ. ಎಡಕ್ಕೆ ಓಡಿ ನೋಡಿದವರಿಗೂ ಬೆನ್ನು, ಬಲಕ್ಕೆ ಓಡಿದವರಿಗೂ ಬೆನ್ನು. ಒಬ್ಬ ಬಸ್ಸಿನ ಚಾಲಕ ಎದುರಿನಿಂದಲೇ ನೋಡುತ್ತೇನೆಂದು ನೀರಿಗಿಳಿದು, ಬೆನ್ನನ್ನೇ ಕಂಡು, ಬೆಪ್ಪಾಗಿ ಮೇಲೆ ಬಂದ. ನಾನು ವಾಮನರಾಯರ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ದುಗ್ಗಣ್ಣ ಬಗ್ಗಿದ ಹಾಗೆಯೇ, ಖಾಲಿ ತೋಳುಗಳನ್ನು ಮಡಿಸಿಕೊಂಡ ಹಾಗೆಯೇ, ಯಾರಿಗೂ ಡಿಕ್ಕಿ ಹೊಡೆಯದೆ ಮಂಚದ ಬಳಿ ಬಂದು ನಿಂತ. ಬಲಗೈಯಲ್ಲಿ ಐದು ಬೆರಳುಗಳಿದ್ದವು. ಎರಡರ ಬುಡದಲ್ಲಿ ಮಸಿಯ ಕಲೆ. ತೋಳುಗಳ ನಡುವಿನ ಜಾಗ ಒಂದು ಎಳೆಗೂಸಿಗೆ ಸಾಕಾಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅವನಿಗೆ ಇನ್ನಷ್ಟು ಬಗ್ಗಲು ಬರುವುದಿಲ್ಲ, ನೆಟ್ಟಗಾಗಲೂ ಬರುವುದಿಲ್ಲ. ನಾನು ಕೊಟ್ಟ ಭಂಗಿ ಅದೊಂದೇ.

ಅಜ್ಜಿ ನನ್ನ ಹೆಗಲು ಹಿಡಿದು ಎದ್ದು ಕೂತಳು. ವಾರಗಳಿಂದ ತಾನಾಗಿ ತಲೆಯೆತ್ತದವಳು, ನನ್ನ ಕೈಯನ್ನೂ ಬಿಡಿಸಿಕೊಂಡು, ಮುಂದಕ್ಕೆ ಬಾಗಿ, ಬೋಳಾದ ತನ್ನ ತಲೆಯನ್ನು ಆ ತೋಳುಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟಳು. ಬಲಗೈಯ ಬೆರಳುಗಳು ಅವಳ ತಲೆಯ ಕೆಳಗೆ ಮೆಲ್ಲನೆ ಮಡಚಿಕೊಂಡವು.

ಅವನ ಕತ್ತಿನ ನರ ಅಲುಗಿದ್ದು ನನಗೆ ಕಂಡಿತು. ದನಿ ಕೇಳಿಸಲಿಲ್ಲ. ಮತ್ತೆ ಅಲುಗಿತು, ಮತ್ತೆ. ಪಿಸುಗುಟ್ಟುತ್ತಿರುವ ಗಳಿಗೆಯನ್ನು ಕೆತ್ತಿದ್ದೆನಲ್ಲ; ಅವನು ಅದೊಂದನ್ನೇ ಹೇಳಬಲ್ಲವನಾಗಿದ್ದ, ಹೇಳುತ್ತಲೇ ಇದ್ದ. ಅಪ್ಪನಲ್ಲಿ ಕೇಳಬೇಕೆಂದು ಅಜ್ಜಿ ಎಷ್ಟೋ ಪ್ರಶ್ನೆಗಳನ್ನು ಕೂಡಿಟ್ಟುಕೊಂಡಿದ್ದಳು, ನೀರಿಗೆ ನೂಕಿದ ಜನರ ವಿಷಯವೂ ಅದರಲ್ಲಿತ್ತು. ಒಂದಕ್ಕೂ ಉತ್ತರ ಹೇಳುವ ಬಾಯಿಯನ್ನು ನಾನು ಕೊಟ್ಟಿರಲಿಲ್ಲ. ಬಾಳಪ್ಪ ಅವನಿಗೆ ಅಬ್ಬರವೊಂದನ್ನೇ ಕೊಟ್ಟ, ನಾನು ಪಿಸುಮಾತೊಂದನ್ನೇ ಕೊಟ್ಟೆ ಎಂದು ಅಲ್ಲಿ ನಿಂತು ಯೋಚಿಸಿದೆ. ಪರವೂರಿನವರು ಬೇಸರಗೊಂಡು ಕಣ್ಣುಪಟ್ಟಿಯವನ ಕಡೆ ಸರಿದರು. ನೀರು ಏರಿ ಮಂಚದ ಕಾಲುಗಳನ್ನು ಮುಟ್ಟಿತು. ಬೆರಳುಗಳು ಬಿಡಿಸಿಕೊಂಡವು, ಬೆನ್ನು ಅಲೆಗಳೊಳಗೆ ಹೋಯಿತು.

ಅಜ್ಜಿಯನ್ನು ಮಲಗಿಸಿ, ಕೇಳಿಸಿತೇ ಎಂದು ಕೇಳಿದೆ. ಕೇಳಿಸಿತೆಂದು ತಲೆಯಾಡಿಸಿದಳು. ಹೆಸರೇನೆಂದು ನಾನು ಕೇಳುವಷ್ಟರಲ್ಲಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಆ ಹಿಡಿತ ಸಾಯಲು ಹೊರಟವರದ್ದಲ್ಲ.

“ಮುಖ ನೋಡಿದೆ, ಮಗಾ. ನೀನು ಕೆತ್ತದೆ ಬಿಟ್ಟಿದ್ದೀಯಲ್ಲ, ಅಲ್ಲಿ ಅಪ್ಪನ ಮುಖವೇ ಇತ್ತು. ನಾಟಕದವನದ್ದಲ್ಲ. ಮಸಿ ಕಾಗದ ತಾ. ಮೂಗಿನಿಂದ ಶುರು ಮಾಡು, ಮೂಗು ನಿನ್ನ ಅಮ್ಮನದ್ದೇ.”

ಅಂದಿನಿಂದ ನಮ್ಮ ಮನೆಯಲ್ಲಿ ನಡೆದದ್ದು ಶುಶ್ರೂಷೆಯಲ್ಲ, ಜಗಳ. ಹುಬ್ಬು ದಪ್ಪವಾಯಿತು ಎನ್ನುವಳು. ಗದ್ದದ ಮೇಲಿನ ಗಾಯದ ಗುರುತನ್ನು ಬೇಕೆಂದೇ ಮರೆತೆಯಾ ಎನ್ನುವಳು. ಕಣ್ಣಿನಲ್ಲಿ ಸ್ವಲ್ಪ ದಯೆ ತುಂಬಿದೆನೆಂದು ಬೈದು, ಅಷ್ಟೊಂದು ಇರಲಿಲ್ಲ, ಇದ್ದಷ್ಟೇ ಕೆತ್ತು ಎಂದು ಅಳಿಸಿದಳು. ಬೆನ್ನು ನೆಟ್ಟಗಿರಬೇಕು, ಎರಡು ಕೈಗಳೂ ಬೇಕು, ತುಟಿಗಳು ಮಾತಿಗೆ ಮುಂಚೆ ತೆರೆಯುವಷ್ಟು ಮಾತ್ರ ತೆರೆದಿರಬೇಕು. ಕೇಳಬೇಕಾದ್ದು ಇನ್ನೂ ಬಹಳವಿದೆ ಎಂದಳು. ಹೆಸರನ್ನು ಕೇಳಿದಾಗಲೆಲ್ಲ, ಅದನ್ನು ಹೇಳುವ ಜಾಗವೊಂದಿದೆ, ಸುಮ್ಮನಿರು ಎಂದಳು. ವೈದ್ಯರು ಬಂದು, ಎದೆಗೆ ಕಿವಿಯಿಟ್ಟು, ಏನನ್ನೂ ವಿವರಿಸಲಾರದೆ ಹೋದರು.

ಹೊಸ ಅಚ್ಚಿನ ಮೊದಲ ಕರಡು ಬಂದ ದಿನ ಅಜ್ಜಿಯನ್ನು ಮೀನಿನ ಕೈಗಾಡಿಯಲ್ಲಿ ಕೂರಿಸಿಕೊಂಡು ಮುದ್ರಣಾಲಯಕ್ಕೆ ತಳ್ಳಿಕೊಂಡು ಹೋದೆ. ದಾರಿಯಲ್ಲಿ ರಟ್ಟಿನ ಕೊಕ್ಕೆ ಮಾರುವವನು ಮುಖ ತಿರುಗಿಸಿಕೊಂಡ. ಕಣ್ಣುಪಟ್ಟಿಯವನ ಮರಿಮಗಳು 'ಅಕ್ಕಾ, ನಮ್ಮದು ಯಾವಾಗ' ಎಂದು ಗಾಡಿಯ ಪಕ್ಕದಲ್ಲಿ ಸ್ವಲ್ಪ ದೂರ ನಡೆದು ಬಂದಳು. ವಾಮನರಾಯರು ಕರಡನ್ನು ಅಜ್ಜಿಯ ತೊಡೆಯ ಮೇಲಿಟ್ಟರು. ಅವಳು ಅದನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಹೌದು, ಇವರೇ.”

ರಾಯರು ಲೇಖನಿ ತೆಗೆದರು. ಸಾಕ್ಷಿಯ ಹೆಸರಿನ ಸಾಲಿನಲ್ಲಿ ಕೂ ಎಂದು ಬರೆಯಲು ಹೊರಟವರನ್ನು ಅಜ್ಜಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

“ಕೇಳು ವಾಮನ, ಕೇಳಿ ಬರಿ. ನನ್ನನ್ನು ಕೇಳದೆ ಬರೆಯಬೇಡ.”

“ಹೇಳಿ. ಸಾಕ್ಷಿಯ ಹೆಸರು?”

“ನಾಗವೇಣಿ” ಎಂದಳು ಅಜ್ಜಿ. ತಲೆಯ ಮೇಲೆ ಕೈಯಾಡಿಸಿಕೊಂಡು ತಾನೇ ನಕ್ಕಳು. “ಹುಟ್ಟಿದಾಗಲೂ ಒಂದೆಳೆ ಕೂದಲಿರಲಿಲ್ಲವಂತೆ. ಅಪ್ಪನಿಗೆ ಏನು ಕಂಡಿತೋ.”

ರಾಯರು ಒಂದೊಂದೇ ಅಕ್ಷರವಾಗಿ ಬರೆದರು. ಅಜ್ಜಿಗೆ ಓದು ಬರುವುದಿಲ್ಲ. ಬರೆದುದನ್ನು ಓದು ಎಂದಳು. ಅವರು ಓದಿದರು. ಇನ್ನೊಮ್ಮೆ ಎಂದಳು, ಸ್ವಲ್ಪ ಗಟ್ಟಿಯಾಗಿ, ಯಂತ್ರದವರಿಗೂ ಕೇಳುವಂತೆ.